ಮಗ ಕಡ್ಡಿ ಥರ ಇದ್ದಾನೆ, ಅವನಿಗ್ಯಾಕೆ ಓಡಾಟ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 9 ವರ್ಷ. ಸ್ಕೂಲು, ಟ್ಯೂಷನ್, ಆಮೇಲೆ ಟ್ಯಾಬು, ಇಷ್ಟೇ ಅವನ ದಿನ. ಮೂರು ಮಹಡಿ ಹತ್ತೋದ್ರೊಳಗೆ ಎರಡು ಸಲ ಕಂಬಿ ಹಿಡ್ಕೊಂಡು ನಿಂತುಬಿಡ್ತಾನೆ. ಬ್ಯಾಡ್ಮಿಂಟನ್ ಕ್ಲಾಸಿಗೆ ಹಾಕಿದ್ವಿ, ಎರಡೇ ವಾರಕ್ಕೆ ಹೋಗಲ್ಲ ಅಂತ ಹಠ. ನಮ್ಮತ್ತೆಯವರು "ಹುಡುಗ ಮೊದ್ಲೇ ಕಡ್ಡಿ ಥರ ಇದ್ದಾನೆ, ಇನ್ನೂ ಓಡಾಡಿಸಿ ಕರಗಿಸ್ತೀಯಾ" ಅಂತಾರೆ. ಸಣ್ಣಗಿರೋ ಮಕ್ಕಳಿಗೂ ಎಕ್ಸರ್‌ಸೈಜ್ ಬೇಕಾ? ಎಷ್ಟು ಹೊತ್ತು?

ಉತ್ತರ: ಬೇಕಮ್ಮ, ಖಂಡಿತ ಬೇಕು. ನಿಮ್ಮತ್ತೆಯವರ ಮಾತನ್ನ ನಾನು ಕ್ಲಿನಿಕ್ಕಲ್ಲಿ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಆಟ ಅಂದ್ರೆ ಬೊಜ್ಜು ಕರಗಿಸೋ ಔಷಧಿ ಅಂತ ನಾವೆಲ್ಲ ತಲೇಲಿ ಕೂರಿಸ್ಕೊಂಡುಬಿಟ್ಟಿದೀವಿ, ಹಾಗಾಗಿ ದಪ್ಪ ಮಕ್ಕಳನ್ನ ಓಡು ಓಡು ಅಂತ ಪೀಡಿಸ್ತೀವಿ, ಸಣ್ಣ ಮಕ್ಕಳನ್ನ ಕೂರಿಸಿ ತಿನ್ನಿಸ್ತೀವಿ. ನಿಜ ಹೇಳ್ಬೇಕಂದ್ರೆ ಬರೀ ಆಟದಿಂದ ತೂಕ ಇಳಿಯೋದು ಸ್ವಲ್ಪವೇ, ಅದರ ಅಸಲಿ ಕೆಲಸ ಬೇರೆ ಕಡೆ ನಡೆಯುತ್ತೆ.

ಮೂಳೆ ವಿಷಯವನ್ನೇ ತಗೊಳ್ಳಿ. ಮೂಳೆ ಒಂದು ಸಲ ಕಟ್ಟಿ ಮುಗಿಸಿದ ಗೋಡೆ ಅಲ್ಲ, ಒಳಗಡೆ ಕೆಡವಿ ಕಟ್ಟೋ ಕೆಲಸ ನಡೀತಾನೇ ಇರುತ್ತೆ. ಮಗು ಮೆಟ್ಟಿಲ ಮೇಲಿಂದ ಜಿಗಿದು ಧಪ್ ಅಂತ ನೆಲಕ್ಕೆ ಬಂದಾಗ ಆ ಪೆಟ್ಟು ಮೂಳೆಯೊಳಗಿನ ಕೋಶಗಳಿಗೆ ಗೊತ್ತಾಗಿ, ಇಲ್ಲಿ ಇನ್ನಷ್ಟು ಗಟ್ಟಿ ಮಾಡ್ಬೇಕು ಅನ್ನೋ ಸಿಗ್ನಲ್ ಹೋಗುತ್ತೆ. ಇಡೀ ಜೀವನಕ್ಕೆ ಬೇಕಾದ ಮೂಳೆ ಬಂಡವಾಳದಲ್ಲಿ ಸುಮಾರು 90 ಪರ್ಸೆಂಟ್ 18-20 ವರ್ಷದೊಳಗೇ ಜಮಾ ಆಗಿಬಿಡುತ್ತೆ, ಆಮೇಲೆ ನಾವೆಲ್ಲ ಆ ಇಡಗಂಟಲ್ಲೇ ಬದುಕೋದು. ಈಜು, ಸೈಕಲ್ಲು ಹೃದಯಕ್ಕೆ ತುಂಬ ಒಳ್ಳೇದು, ಆದ್ರೆ ಮೂಳೆಗೆ ಈ ಧಪ್ ಧಪ್ ಬೇಕೇ ಬೇಕು. ಕುಂಟೆಬಿಲ್ಲೆ, ಸ್ಕಿಪ್ಪಿಂಗ್, ಮುಟ್ಟಾಟ ಎಲ್ಲ ಅದೇ ಲೆಕ್ಕ. (ಸೋಫಾ ಮೇಲಿಂದ ಹಾರಿದ್ರೆ ಬೈಬೇಡಿ ಅಂತ ಹೇಳ್ತಿಲ್ಲ, ಸ್ವಲ್ಪ ಕಮ್ಮಿ ಬೈರಿ.)

ಇನ್ನು ಸಕ್ಕರೆ. ಕಾಲಿನ ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿರೋ ಗ್ಲೂಕೋಸನ್ನ ಇನ್ಸುಲಿನ್ನಿಗೆ ಕಾಯದೇನೇ ಒಳಗೆ ಎಳ್ಕೊಳ್ಳುತ್ತೆ, ಸಣ್ಣ ಮಗುವಿಗೂ ದಪ್ಪ ಮಗುವಿಗೂ ಇದರಲ್ಲಿ ಭೇದ ಇಲ್ಲ. ನಿದ್ದೆ ಚೆನ್ನಾಗಿ ಬರುತ್ತೆ, ಮೂಡು ಸರಿ ಇರುತ್ತೆ, ಓಡಾಡಿ ಬಂದ ಮೇಲೆ ಸ್ವಲ್ಪ ಹೊತ್ತು ಓದಿನ ಮೇಲೆ ಗಮನಾನೂ ಚೆನ್ನಾಗಿ ನಿಲ್ಲುತ್ತೆ, ಹಾಗಾಗಿ ಟ್ಯೂಷನ್ನಿಗೆ ಮುಂಚಿನ ಅರ್ಧ ಗಂಟೆ ಆಟಾನ ವೇಸ್ಟು ಅನ್ಕೋಬೇಡಿ. ಕಣ್ಣಿಗೂ ಲಾಭ ಇದೆ, ಆದ್ರೆ ಅದು ಮನೆ ಹೊರಗಿನ ಆಟಕ್ಕೆ ಮಾತ್ರ. ಮನೆಯೊಳಗಿನ ಲೈಟು ಕೆಲವು ನೂರು ಲಕ್ಸ್ (ಬೆಳಕು ಅಳೆಯೋ ಮಾನ) ಇದ್ರೆ ಹೊರಗಡೆ ಹಗಲು ಬೆಳಕು 10,000 ಲಕ್ಸ್ ದಾಟುತ್ತೆ, ಹೊರಗೆ ಜಾಸ್ತಿ ಹೊತ್ತು ಇರೋ ಮಕ್ಕಳಿಗೆ ದೂರದ್ದು ಮಸುಕಾಗೋ ದೋಷ ಶುರುವಾಗೋ ಸಾಧ್ಯತೆ ಕಮ್ಮಿ.

ಎಷ್ಟು ಹೊತ್ತು ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಾರಕ್ಕೆ 3 ದಿನವಾದ್ರೂ ಜೋರಾಗಿ ಓಡೋದು, ಜಿಗಿಯೋದು ಇರ್ಬೇಕು. ಒಂದೇ ಸಲ ಮುಗಿಸ್ಬೇಕು ಅಂತೇನಿಲ್ಲ, ಹತ್ತು ಹತ್ತು ನಿಮಿಷ ಸೇರಿದ್ರೂ ಲೆಕ್ಕವೇ. ಸರಿಯಾಗಿ ಆಡ್ತಿದಾನಾ ಅಂತ ತಿಳ್ಕೊಳ್ಳೋಕೆ ವಾಚು ಗೀಚು ಬೇಡ, ಮಾತಾಡೋಕೆ ಆಗ್ಬೇಕು, ಹಾಡೋಕೆ ಹೋದ್ರೆ ಉಸಿರು ಸಾಲಬಾರದು, ಅಷ್ಟೇ.

ಕ್ಲಾಸಿನ ವಿಷಯ. ಒಂದು ಸಲ ನಾನು ನನ್ನ ಮಗಳ ಕ್ಲಾಸಲ್ಲಿ ಗಡಿಯಾರ ನೋಡ್ತಾ ಕೂತಿದ್ದೆ, ಒಂದು ಗಂಟೇಲಿ ಅವಳು ನಿಜಕ್ಕೂ ಓಡಾಡಿದ್ದು ಕಾಲು ಗಂಟೆ, ಉಳಿದಿದ್ದೆಲ್ಲ ಕ್ಯೂನಲ್ಲಿ ನಿಂತು ಶೂ ಲೇಸ್ ಕಟ್ಟೋದು ಬಿಚ್ಚೋದು. ನಿಮ್ಮ ಮಗ ಬೇಡ ಅಂತಿರೋದು ಆಟಾನೋ, ಆ ಕ್ಯೂನೋ, ಅಥವಾ ಎಲ್ಲರ ಮುಂದೆ ಬೈಸಿಕೊಳ್ಳೋದನ್ನೋ, ಕೇಳಿ ನೋಡಿ. ಕ್ಲಾಸು ಬಿಡಿಸಿದ್ರೂ ಪರವಾಗಿಲ್ಲ, ಬದಲಿಗೆ ದಿನಾ ಸಂಜೆ ಅವನ ವಾರಿಗೆಯ ಇಬ್ಬರ ಜೊತೆ ಹೊರಗೆ ಬಿಡಿ, ಸ್ಕೋರ್ ಕೇಳ್ಬೇಡಿ. ಅತ್ತೆಯವರಿಗೆ ಹೇಳಿ, ಆಡಿದ ಮಕ್ಕಳಿಗೆ ಹಸಿವು ತಾನಾಗೇ ಆಗುತ್ತೆ, ಕರಗಿ ಹೋಗಲ್ಲ.

ಆದ್ರೆ ಆ ಮೆಟ್ಟಿಲ ಸುಸ್ತು ಇತ್ತೀಚೆಗೆ ಶುರುವಾಗಿದ್ರೆ, ಮುಖ ಬಿಳಿಚಿಕೊಂಡಿದ್ರೆ, ಒಂದು ಸಲ ಹಿಮೋಗ್ಲೋಬಿನ್ ಚೆಕ್ ಮಾಡ್ಸಿ. ಓಡುವಾಗ ಎದೆನೋವು ಬಂದ್ರೆ ಅಥವಾ ಪ್ರಜ್ಞೆ ತಪ್ಪಿ ಬಿದ್ರೆ ಆಟ ನಿಲ್ಸಿ, ತಡ ಮಾಡ್ದೆ ಡಾಕ್ಟರ್ ಹತ್ರ ತೋರ್ಸಿ.

ಪ್ರಶ್ನೆ: ಮಗಳಿಗೆ 13, ಆಸ್ತಮಾ ಇದೆ. ಓಡಿದ್ರೆ ಕೆಮ್ಮು ಬರುತ್ತೆ. ಪಿಟಿ ಬೇಡ ಅಂತ ಒಂದು ಲೆಟರ್ ಬರ್ಕೊಡ್ತೀರಾ?

ಉತ್ತರ: ಓಡಿದಾಗಲೆಲ್ಲ ಕೆಮ್ಮು ಬರ್ತಿದೆ ಅಂದ್ರೆ ತಪ್ಪು ಓಟದ್ದಲ್ಲ, ಆಸ್ತಮಾ ಕಂಟ್ರೋಲಲ್ಲಿಲ್ಲ ಅಂತರ್ಥ. ದಿನಾ ತಗೊಳ್ಳೋ ಔಷಧಿ ತಪ್ಪಿಸ್ತಿದಾಳಾ, ಇನ್ಹೇಲರ್ ಹಿಡಿಯೋ ರೀತಿ ಸರಿ ಇದೆಯಾ, ಮೊದ್ಲು ನಿಮ್ಮ ಡಾಕ್ಟರ್ ಎದುರಿಗೇ ಒಂದು ಸಲ ತೋರಿಸೋಕೆ ಹೇಳಿ. ಓಡೋಕೆ ಮುಂಚೆ ಹತ್ತು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡ್ಕೊಳ್ಳಿ, ಆಟಕ್ಕೆ ಮುಂಚೆ ಇನ್ಹೇಲರ್ ಬೇಕಾ ಅಂತಾನೂ ಅವರನ್ನೇ ಕೇಳಿ. ಆಸ್ತಮಾ ಇಟ್ಕೊಂಡೇ ಒಲಿಂಪಿಕ್ಸ್ ಮೆಡಲ್ ಗೆದ್ದವರು ಎಷ್ಟೋ ಜನ ಇದಾರೆ. ಪಿಟಿ ಬೇಡ ಅನ್ನೋ ಲೆಟರ್ ನಾನು ಬರೆಯಲ್ಲ, ಇನ್ಹೇಲರ್ರನ್ನ ಗ್ರೌಂಡಿಗೆ ತಗೊಂಡು ಹೋಗೋಕೆ ಬಿಡಿ ಅಂತ ಬೇಕಾದ್ರೆ ಇವತ್ತೇ ಬರ್ಕೊಡ್ತೀನಿ.