ಓದುಗರ ಪ್ರಶ್ನೆ: ಮಂಡೇಲಾ ಜೈಲಿಗೆ ಹೋದದ್ದು ಕಮ್ಯುನಿಸ್ಟ್ ಅಂತಲಾ?

ಪ್ರಶ್ನೆ: ಮೊನ್ನೆ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಗೆಳೆಯರೊಬ್ಬರು, ಮಂಡೇಲಾರನ್ನು ಹಿಡಿದದ್ದು ಕಮ್ಯುನಿಸ್ಟ್ ಅಂತ, ಕಪ್ಪು ಜನ ಅಂತ ಅಲ್ಲ, ಹಾಗಾಗಿ ಅದು ವರ್ಣಭೇದವೇ ಅಲ್ಲ ಅಂದರು. ನನಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ. — ಓದುಗರು, ಕಟಪಾಡಿ

ಉತ್ತರ: ನಿಮ್ಮ ಗೆಳೆಯರು ಅರ್ಧ ಕಥೆ ಹೇಳಿದ್ದಾರೆ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ 1950ರಲ್ಲಿ ಕಮ್ಯುನಿಸಂ ಹತ್ತಿಕ್ಕುವ ಕಾಯ್ದೆ ತಂದಿತು. ಅದರಲ್ಲಿ ‘ಕಮ್ಯುನಿಸಂ’ ಅನ್ನುವುದಕ್ಕೆ ಕೊಟ್ಟ ಅರ್ಥವನ್ನು ನೀವು ನೋಡಬೇಕು. ಕಾನೂನು ಮುರಿದು, ಅಶಾಂತಿ ಎಬ್ಬಿಸಿ ದೇಶದಲ್ಲಿ ಯಾವುದೇ ರಾಜಕೀಯ, ಸಾಮಾಜಿಕ ಬದಲಾವಣೆ ತರಲು ನೋಡಿದರೆ ಅದೂ ಕಮ್ಯುನಿಸಂ! ಈಗ ಯೋಚನೆ ಮಾಡಿ. ಯಾರು ಯಾವ ಬಣ್ಣದವರು ಅಂತ ಪಟ್ಟಿ ಮಾಡುವ ಕಾನೂನು, ಯಾವ ಬಣ್ಣದವರು ಯಾವ ಕೇರಿಯಲ್ಲಿ ಇರಬೇಕು ಅನ್ನುವ ಕಾನೂನು, ಎರಡೂ ಬಂದದ್ದು ಅದೇ 1950ರಲ್ಲಿ. ಕಪ್ಪು ಜನರಿಗೆ ಓಟು ಇಲ್ಲ, ಆದ್ದರಿಂದ ಕಾನೂನು ಬದಲಿಸುವ ದಾರಿ ಇಲ್ಲ. ಮುರಿದರೆ ಕಮ್ಯುನಿಸ್ಟ್.

1952ರಲ್ಲಿ ಆದದ್ದೂ ಹಾಗೇ. ಕಪ್ಪು ಜನರೂ ಅಲ್ಲಿನ ಭಾರತೀಯರೂ ಸೇರಿ ಬಿಳಿಯರಿಗೆ ಮಾತ್ರ ಅಂತ ಬೋರ್ಡ್ ಹಾಕಿದ ಬಾಗಿಲಲ್ಲಿ ಬೇಕೆಂದೇ ಒಳಗೆ ಹೋದರು. ಯಾರ ಮೇಲೂ ಕೈ ಮಾಡಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. 8,000ಕ್ಕೂ ಜಾಸ್ತಿ ಜನ ಜೈಲಿಗೆ ಹೋದರು. ಮಂಡೇಲಾ ಸೇರಿ 20 ಮುಖಂಡರಿಗೆ ಈ ಕಾಯ್ದೆಯಡಿ 9 ತಿಂಗಳ ಶಿಕ್ಷೆ ಆಯಿತು, ಅಮಾನತಿನಲ್ಲಿಟ್ಟ ಶಿಕ್ಷೆ, ಅಂದರೆ ಮತ್ತೆ ಅದೇ ತಪ್ಪು ಮಾಡಿದರೆ ಮಾತ್ರ ಜೈಲು. ಇದಕ್ಕೂ ಎಲ್ಲರಿಗೂ ಗೊತ್ತಿರುವ ಕಮ್ಯುನಿಸಂಗೂ ಸಂಬಂಧ ಇಲ್ಲ ಅಂತ ಶಿಕ್ಷೆ ಕೊಟ್ಟ ನ್ಯಾಯಾಧೀಶರೇ ಒಪ್ಪಿಕೊಂಡರು.

ಮಂಡೇಲಾ ಇದ್ದ ಪಕ್ಷ ಎಎನ್‌ಸಿಯ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಅಧ್ಯಕ್ಷರಾಗಿದ್ದ ಆಲ್ಬರ್ಟ್ ಲುಥುಲಿ ಅವರನ್ನು ನೋಡಿ. ಚರ್ಚಿಗೆ ನಡೆದುಕೊಳ್ಳುವ ಮನುಷ್ಯ, ಕಮ್ಯುನಿಸ್ಟ್ ಅಲ್ಲವೇ ಅಲ್ಲ. ಅವರನ್ನೂ ಇದೇ ಕಾಯ್ದೆಯಡಿ ತಮ್ಮ ಊರು ಬಿಟ್ಟು ಹೋಗದ ಹಾಗೆ ಕಟ್ಟಿಹಾಕಿದರು. 1960ರ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದನ್ನು ತೆಗೆದುಕೊಳ್ಳಲು ಹೋಗುವುದಕ್ಕೂ ಸರ್ಕಾರದ ಅನುಮತಿ ಬೇಕಾಯಿತು.

ಇನ್ನು ಮಂಡೇಲಾ ಕಮ್ಯುನಿಸ್ಟ್ ಪಾರ್ಟಿಯಲ್ಲಿ ಇದ್ದರಾ? ಇದ್ದರು ಅಂತ ಅಲ್ಲಿನ ಕಮ್ಯುನಿಸ್ಟ್ ಪಕ್ಷವೇ 2013ರಲ್ಲಿ, ಅವರು ತೀರಿಕೊಂಡ ಮೇಲೆ ಹೇಳಿತು. ಇದನ್ನು ಮುಚ್ಚಿಡಬೇಕಾಗಿಲ್ಲ. ಬಿಳಿಯರಲ್ಲದವರ ಜೊತೆ ಸರಿಸಮ ಕೂತು ಹೋರಾಡಿದ ಬಿಳಿಯರು ಆಗ ತುಂಬಾ ಕಡಿಮೆ, ಅವರಲ್ಲಿ ಹೆಚ್ಚಿನವರು ಕಮ್ಯುನಿಸ್ಟರೇ. ಆದರೆ ಕೇಳಿದವನು ಯಾವ ಪಾರ್ಟಿಯವನಾದರೂ ಓಟಿನ ಹಕ್ಕು ಕೊಡಿ ಅಂತ ಕೇಳಿದ್ದು ತಪ್ಪಾಗುತ್ತದಾ?

ನನ್ನ ಚಿಕ್ಕಮ್ಮ ಬೀಡಿ ಕಟ್ಟುತ್ತಿದ್ದರು. ಬ್ರಾಂಚಿನಲ್ಲಿ ಚೆಕ್ ಮಾಡುವವರು ಒಳ್ಳೆ ಬೀಡಿಯನ್ನೂ ಸುಮ್ನೆ ತೆಗೆದು ಹಾಕುತ್ತಾರೆ ಅಂತ ಒಂದು ದಿನ ಕೇಳಿದ್ದಕ್ಕೆ, ‘ಇವಳು ಪಾರ್ಟಿಯವಳು’ ಅಂದರಂತೆ. ಅವರಿಗೆ ಯಾವ ಪಾರ್ಟಿಯೂ ಇರಲಿಲ್ಲ. ತೆಗೆದು ಹಾಕಿದ ಬೀಡಿಯ ಲೆಕ್ಕ ಮಾತ್ರ ಯಾರೂ ಕೊಡಲಿಲ್ಲ. ಅಲ್ಲಿಯ ಕಷ್ಟಕ್ಕೆ ಇದನ್ನು ಹೋಲಿಸುತ್ತಿಲ್ಲ, ಆದರೆ ಆ ಮಾತು ಏನು ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾದದ್ದು ಅವರಿಂದ.

ಪ್ರಶ್ನೆ: ಅಮೆರಿಕದಲ್ಲೂ ಹೀಗೆ ನಡೆದಿತ್ತಾ? — ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ನಡೆದಿತ್ತು. ಟೆನೆಸ್ಸೀ ರಾಜ್ಯದಲ್ಲಿ ಹೈಲ್ಯಾಂಡರ್ ಅಂತ ಒಂದು ಶಾಲೆ ಇತ್ತು. ಕಪ್ಪು ಜನ, ಬಿಳಿಯರು ಒಂದೇ ಕಡೆ ಕಲಿಯುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಒಟ್ಟಿಗೆ ಉಣ್ಣುವುದು ಎಷ್ಟು ದೊಡ್ಡ ವಿಷಯ ಅಂತ ನಮ್ಮೂರಿನವರಿಗೆ ಬೇರೆ ಹೇಳಬೇಕಾ! ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದೆ ಕೂತ 1955ರಲ್ಲೇ, ಅದಕ್ಕೆ ಕೆಲವು ತಿಂಗಳ ಮೊದಲು, ಅಲ್ಲಿಗೆ ಹೋಗಿ ಬಂದಿದ್ದರು. 1957ರಲ್ಲಿ ಕಪ್ಪು ಜನರ ಹಕ್ಕಿನ ಹೋರಾಟದ ಮುಖಂಡ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಕೂತಿದ್ದ ಫೋಟೋವನ್ನು ದಕ್ಷಿಣದ ರಸ್ತೆಗಳಲ್ಲಿ ದೊಡ್ಡ ದೊಡ್ಡ ಬೋರ್ಡಿಗೆ ಹಾಕಿ, ಕಿಂಗ್ ಕಮ್ಯುನಿಸ್ಟ್ ತರಬೇತಿ ಶಾಲೆಯಲ್ಲಿ ಅಂತ ಬರೆದರು. 1963ರ ಅಕ್ಟೋಬರಿನಲ್ಲಿ, ಆ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ದೊಡ್ಡ ಮೆರವಣಿಗೆ ಆಗಿ ಎರಡು ತಿಂಗಳೂ ಕಳೆದಿರಲಿಲ್ಲ, ಕಿಂಗ್ ಅವರ ಫೋನ್ ಕದ್ದು ಕೇಳಲು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಒಪ್ಪಿಗೆ ಸಿಕ್ಕಿತು. ಅವರ ಸಲಹೆಗಾರರೊಬ್ಬರು ಕಮ್ಯುನಿಸ್ಟ್ ಅನ್ನುವುದೇ ಕಾರಣ. ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲಿ ಕಿತ್ತುಕೊಂಡವರು ವಾಪಸ್ ಕೊಟ್ಟದ್ದು 1958ರಲ್ಲಿ.

ಪ್ರಶ್ನೆ: ದಕ್ಷಿಣ ಆಫ್ರಿಕಾದಲ್ಲಿ ಪಕ್ಷಗಳ ಮೇಲಿದ್ದ ನಿಷೇಧ ಯಾವಾಗ ಹೋಯಿತು? — ಓದುಗರು, ಮೂಲ್ಕಿ

ಉತ್ತರ: ಕಮ್ಯುನಿಸಂ ಹತ್ತಿಕ್ಕುವ ಕಾಯ್ದೆಯ ಹೆಸರು 1976ರಲ್ಲಿ ಆಂತರಿಕ ಭದ್ರತೆ ಅಂತ ಬದಲಾಯಿತು. ಕಮ್ಯುನಿಸ್ಟ್ ಪಕ್ಷ, ಎಎನ್‌ಸಿ ಮುಂತಾದ ಪಕ್ಷಗಳ ಮೇಲಿನ ನಿಷೇಧ ಎದ್ದದ್ದು 1990ರ ಫೆಬ್ರವರಿಯಲ್ಲಿ. ಲುಥುಲಿ 1967ರಲ್ಲೇ ತೀರಿಕೊಂಡಿದ್ದರು, ಆಗಲೂ ಅವರ ಮೇಲೆ ನಿರ್ಬಂಧ ಇತ್ತು.