ಹತ್ತು ದಿನವೆಂದರೆ ಹತ್ತೇ ದಿನ

ತಂಗಿ,

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಏಳು ತಿಂಗಳು, ಕಂಪನಿಯವರು ಯಜಮಾನರಿಗೆ ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲ, ಬಾಡಿಗೆ ಕಟ್ಟಲಾಗಲಿಲ್ಲ, ಮೊದಲು ಬಾಗಿಲಿಗೆ ಮೂರು ದಿನದ ನೋಟಿಸ್ ಅಂಟಿಸಿದರು, ಮೊನ್ನೆ ಶುಕ್ರವಾರ ಕೋರ್ಟಿನ ಕಾಗದ ಕೈಗೆ ಕೊಟ್ಟು ಹೋದರು ಎಂದು ಬರೆದಿದ್ದೀರಿ. ವೀಸಾದ ಮೇಲೆ ಇರುವ ನಮಗೆ ಇಲ್ಲಿ ಏನಾದರೂ ಹಕ್ಕಿದೆಯೇ, ಅಂಗಡಿ ಸಾಲಿನ ನೋಟರಿಯೊಬ್ಬರು ಹಣ ತೆಗೆದುಕೊಂಡು ಎಲ್ಲ ಮಾಡಿಕೊಡುತ್ತೇನೆ ಎನ್ನುತ್ತಾರೆ, ಕೊಡೋಣವೇ ಎಂದು ಕೇಳಿದ್ದೀರಿ.

ಕೊಡಬೇಡಿ. ನಮ್ಮೂರಿನಲ್ಲಿ ನೋಟರಿ ಎಂದರೆ ಕೋರ್ಟಿನ ಆವರಣದಲ್ಲಿ ಕರಿ ಕೋಟು ಹಾಕಿ ಕುಳಿತ ವಕೀಲರೇ. ಇಲ್ಲಿಯ ನೋಟರಿ ವಕೀಲರಲ್ಲ. ಸಹಿ ಮಾಡಿದವರು ನೀವೇ ಎಂದು ನೋಡಿ ಮುದ್ರೆ ಒತ್ತುವುದಷ್ಟೇ ಅವರ ಕೆಲಸ. ವಕೀಲರಲ್ಲದವರು ಕಾನೂನು ಸಲಹೆ ಕೊಡುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ಹಕ್ಕು ಇದೆ. ಬಾಡಿಗೆದಾರರ ವೀಸಾ ಯಾವುದೆಂದು ಮನೆ ಮಾಲೀಕರು ಕೇಳುವಂತಿಲ್ಲ, ವಲಸೆ ಇಲಾಖೆಗೆ ಹೇಳುತ್ತೇನೆಂದು ಹೆದರಿಸುವಂತೆಯೂ ಇಲ್ಲ. ಬೀಗ ಬದಲಾಯಿಸುವುದು, ನೀರು, ಕರೆಂಟು ಕತ್ತರಿಸುವುದು ಕಾನೂನುಬಾಹಿರ. ಕೋರ್ಟಿನ ಆದೇಶ ಹಿಡಿದು ಶೆರಿಫ್, ಅಂದರೆ ಜಿಲ್ಲಾ ಮಟ್ಟದ ಪೊಲೀಸ್ ಅಧಿಕಾರಿ, ಬಂದರೆ ಮಾತ್ರ ನಿಮ್ಮನ್ನು ಹೊರಗೆ ಕಳಿಸಬಹುದು. ಸಂಬಳದ ಬಾಕಿಗೆ ಲೇಬರ್ ಕಮಿಷನರ್ ಕಚೇರಿಯಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅದು ನಿಧಾನದ ಕೆಲಸ, ನಡೆಯುತ್ತಿರಲಿ.

ಅವಸರದ್ದು ಶುಕ್ರವಾರ ಕೈಗೆ ಬಂದ ಆ ಕೋರ್ಟಿನ ಕಾಗದ, ಸಮನ್ಸ್. ಅದರ ಬಗ್ಗೆ ನಾನು ಒಂದು ವಿಷಯ ಹೇಳಲೇಬೇಕು.

ನಾವು 2001ರಲ್ಲಿ ಸನ್ನಿವೇಲ್‌ಗೆ ಬಂದೆವು. 2009ರಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ದಾವಣಗೆರೆಯ ಕುಟುಂಬವಿತ್ತು. ಕೆಲಸಗಳು ಹೋಗುತ್ತಿದ್ದ ವರ್ಷ ಅದು, ಅವರದ್ದೂ ಹೋಯಿತು. ಒಂದು ಸಂಜೆ ಆಕೆ ಖಾರ ಮಂಡಕ್ಕಿಯ ಸ್ಟೀಲ್ ಡಬ್ಬಿಯ ಜೊತೆಗೆ ಇದೇ ತರಹದ ಕಾಗದಗಳನ್ನು ಹಿಡಿದು ಮೇಲೆ ಬಂದರು. "ಅಕ್ಕಾ, ಇದನ್ನು ಸ್ವಲ್ಪ ನೋಡಿ" ಎಂದರು. ನಾನು ಮೇಲಿನ ಎರಡು ಸಾಲು ಓದಿದೆ. ತಿಪಟೂರಿನಲ್ಲಿ ನಮ್ಮ ತಂದೆಯವರ ಮಳಿಗೆಯನ್ನು ಬಾಡಿಗೆದಾರನಿಂದ ಬಿಡಿಸಿಕೊಳ್ಳಲು ಹದಿನಾಲ್ಕು ವರ್ಷ ಹಿಡಿದಿತ್ತು. ಗೆದ್ದವನು ಸೋತ, ಸೋತವನು ಸತ್ತ ಎನ್ನುವುದನ್ನು ಕೇಳಿಯೇ ಬೆಳೆದವಳು ನಾನು. ಕೋರ್ಟೆಂದರೆ ವರ್ಷಗಟ್ಟಲೆ ಎಂಬುದೊಂದೇ ನನಗೆ ಗೊತ್ತಿದ್ದದ್ದು. "ಗಾಬರಿಯಾಗಬೇಡಿ, ಇದೆಲ್ಲ ತಿಂಗಳುಗಟ್ಟಲೆ ಎಳೆಯುತ್ತದೆ, ಮಾಲೀಕರ ಹತ್ತಿರ ಮಾತಾಡಿ" ಎಂದು ಕಾಫಿ ಕೊಟ್ಟು ಕಳಿಸಿದೆ.

ಉತ್ತರ ಸಲ್ಲಿಸಲು ಆಗ ಇದ್ದದ್ದು ಐದು ದಿನ. ಅದೂ ಆ ಕಾಗದದ ಮೇಲೆಯೇ ಬರೆದಿತ್ತು. ಉತ್ತರ ಹೋಗದ ಕಾರಣ ಅವರ ಮಾತು ಕೇಳದೆಯೇ ತೀರ್ಪಾಯಿತು. ಕೆಲವು ವಾರಗಳಲ್ಲಿ ಶೆರಿಫ್ ನೋಟಿಸ್ ಬಾಗಿಲ ಮೇಲಿತ್ತು. ಆ ತೀರ್ಪು ದಾಖಲೆಯಲ್ಲಿ ಉಳಿದು ಬೇರೆ ಮನೆ ಸಿಗದೆ ಅವರು ಊರಿಗೇ ಹಿಂದಿರುಗಿದರು. ಹೋಗುವಾಗಲೂ ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಖಾಲಿ ಡಬ್ಬಿ ವಾಪಸು ಕೊಡಬಾರದು, ಏನಾದರೂ ತಿಂಡಿ ಮಾಡಿದಾಗ ತುಂಬಿಸಿ ಕೊಡೋಣವೆಂದು ಇಟ್ಟುಕೊಂಡಿದ್ದೆ. ಮುಚ್ಚಳದ ಮೇಲೆ ಆಕೆಯ ತವರಿನವರ ಹೆಸರು ಕೊರೆಸಿದ ಆ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ. ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಕೆ ಗೊತ್ತಿರುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಈಗ, 2025ರ ಜನವರಿಯಿಂದ, ಆ ಐದು ಹತ್ತಾಗಿದೆ. ಶನಿವಾರ, ಭಾನುವಾರ, ಕೋರ್ಟಿನ ರಜೆ ಲೆಕ್ಕಕ್ಕಿಲ್ಲ. ನಿಮಗೆ ಕಾಗದ ಸಿಕ್ಕಿದ್ದು ಶುಕ್ರವಾರ, ಹಾಗಾಗಿ ಸೋಮವಾರವೇ ಮೊದಲ ದಿನ. ಉತ್ತರಕ್ಕೆ ಯುಡಿ-105 ಎಂಬ ಅಚ್ಚಾದ ನಮೂನೆ ಇದೆ. ಹಣವಿಲ್ಲದವರು ಶುಲ್ಕ ಮನ್ನಾ ಕೋರಿ ಎಫ್‌ಡಬ್ಲ್ಯು-001 ತುಂಬಬೇಕು. ಮೂರು ದಿನದ ನೋಟಿಸಿನಲ್ಲಿ ನಿಜವಾದ ಬಾಕಿಗಿಂತ ಹೆಚ್ಚು ಮೊತ್ತ ಬರೆದಿದ್ದಾರೆಯೇ ಎಂದು ಕೂಡಿಸಿ ನೋಡಿ. ಸೋರುವ ನಲ್ಲಿ, ಕೆಟ್ಟ ಹೀಟರ್ ಬಗ್ಗೆ ಹಿಂದೆ ಮಾಲೀಕರಿಗೆ ಬರೆದಿದ್ದರೆ ಆ ಪತ್ರವನ್ನೂ ತೆಗೆದಿಡಿ. ಇವೆಲ್ಲ ಉತ್ತರದಲ್ಲಿ ಹೇಳಬಹುದಾದ ಮಾತುಗಳು.

ಇವನ್ನು ತುಂಬಲು ನೆರವಾಗುವ ಸೆಲ್ಫ್ ಹೆಲ್ಪ್ ಸೆಂಟರ್ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಸುಪೀರಿಯರ್ ಕೋರ್ಟಿನಲ್ಲೇ ಇದೆ. ಪುಕ್ಕಟೆ, ಆದಾಯದ ಮಿತಿಯಿಲ್ಲ. ಅವರು ನಿಮ್ಮ ಪರ ವಾದಿಸುವವರಲ್ಲ, ಮಾಲೀಕರು ಹೋದರೂ ಅಷ್ಟೇ ಸಹಾಯ ಮಾಡುತ್ತಾರೆ. ಆದರೆ ಯಾವ ಸಾಲಿನಲ್ಲಿ ಏನು ಬರೆಯಬೇಕೆಂದು ತಾಳ್ಮೆಯಿಂದ ತೋರಿಸುತ್ತಾರೆ. ನಿಮ್ಮ ಪರ ನಿಲ್ಲುವ ವಕೀಲರು ಬೇಕೆಂದರೆ ಕಾನೂನು ನೆರವು ಸಂಸ್ಥೆಗಳನ್ನು ಕೇಳಬೇಕು. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ತಾತ್ಕಾಲಿಕ ವೀಸಾದವರ ಪ್ರಕರಣವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಕಡೆ ಇಲ್ಲವೆಂದರೆ ಎದೆಗುಂದಬೇಡಿ, ಆ ಹಣ ಪಡೆಯದ ಸಂಸ್ಥೆಗಳೂ ಇವೆ. 211 ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ಹತ್ತಿರದವು ಯಾವುವೆಂದು ಹೇಳುತ್ತಾರೆ. ವಿಚಾರಣೆಯ ದಿನ ಕನ್ನಡದ ದುಭಾಷಿ ಬೇಕೆಂದು ಮೊದಲೇ ಕೇಳಿಕೊಳ್ಳಿ, ಅದಕ್ಕೆ ನೀವು ಹಣ ಕೊಡಬೇಕಿಲ್ಲ. ಇಂಗ್ಲಿಷ್ ಬರುತ್ತದೆಂದು ಸಂಕೋಚ ಬೇಡ. ನ್ಯಾಯಾಧೀಶರ ಮುಂದೆ ನಿಂತಾಗ ನಾಲಿಗೆ ಒಣಗುತ್ತದೆ.

ನಾನು ಹೇಳಿದ್ದನ್ನೂ ಪೂರಾ ನಂಬಿ ಕೂರಬೇಡಿ, ಅಲ್ಲಿ ಹೋಗಿ ಕೇಳಿ. ಮಂಗಳವಾರ ನನಗೆ ರಜೆ, ಕಾರಿದೆ. ಬೆಳಿಗ್ಗೆ ಏಳೂವರೆಗೆ ನಿಮ್ಮ ಮನೆಯ ಮುಂದೆ ಇರುತ್ತೇನೆ. ಬಾಡಿಗೆ ಕರಾರು, ಎರಡೂ ನೋಟಿಸು, ಬಾಡಿಗೆ ಕಟ್ಟಿದ ರಸೀದಿಗಳು, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಿ. ತಿಂಡಿ ನಾನೇ ತರುತ್ತೇನೆ.