ನಿಮ್ಮೂರ ಕೆರೆಯ ಚಿತ್ರ ಯಾರಿಗಾಗಿ?

ಸಂಪಾದಕರ ಉತ್ತರ

ಮಾನ್ಯ ಮೇಷ್ಟ್ರಿಗೆ ನಮಸ್ಕಾರ.

ಅರಸೀಕೆರೆ ತಾಲ್ಲೂಕಿನಿಂದ ನೀವು ಬರೆದ ಕಾಗದ ತಲುಪಿತು. ಉಪಗ್ರಹಗಳು ತೆಗೆದ ಭೂಮಿಯ ಚಿತ್ರಗಳನ್ನು ಜನಸಾಮಾನ್ಯರೂ ಬಳಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಒಪ್ಪಿಗೆಯಾಗಿಲ್ಲ. "ಹಾಸನದಲ್ಲೇ ಇಸ್ರೋ ಕೇಂದ್ರವಿದೆ. ಆದರೂ ನಮ್ಮ ಕೆರೆಯಂಗಳದ ಒತ್ತುವರಿ ನಿಂತಿಲ್ಲ. ಅದು ವಿಜ್ಞಾನಿಗಳ ವಿದ್ಯೆ, ನಮಗೇಕೆ?" ಎಂದು ಕೇಳಿದ್ದೀರಿ.

ಮೊದಲು ಹಾಸನದ ಆ ಇಸ್ರೋ ಕೇಂದ್ರದ, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್‌ನ ವಿಚಾರ. 1982ರಿಂದ ಅಲ್ಲಿ ನೋಡಿಕೊಳ್ಳುತ್ತಿರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳನ್ನು. ಟಿ.ವಿ., ದೂರಸಂಪರ್ಕ, ಹವಾಮಾನದ ಕೆಲಸ ಅವುಗಳದು. ಮೋಡದ ಚಿತ್ರ ಅಷ್ಟು ಎತ್ತರದಿಂದ ಸಿಗುತ್ತದೆ, ಕೆರೆಯ ವಿವರ ಸಿಗುವುದಿಲ್ಲ. ಕೆರೆ ನೋಡುವ ಉಪಗ್ರಹಗಳೇ ಬೇರೆ. ಅವು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ನಮ್ಮ ದೇಶದ ಅಂಥ ಉಪಗ್ರಹಗಳ ಚಿತ್ರಗಳು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರಕ್ಕೆ ಬರುತ್ತವೆ.

ಇವು ವಿಜ್ಞಾನಿಗಳ ಸೊತ್ತು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2008ರಲ್ಲಿ ಅವನ್ನು ಉಚಿತ ಮಾಡಿದ ಮೇಲೆ ಬಳಕೆ ಎಷ್ಟೋ ಪಟ್ಟು ಹೆಚ್ಚಿತು. ಯುರೋಪಿನ ಸೆಂಟಿನೆಲ್ ಚಿತ್ರಗಳೂ ಉಚಿತ. ಉಪಗ್ರಹ ಚಿತ್ರಗಳನ್ನು ತೋರಿಸುವ ಇಸ್ರೋದ ಜಾಲತಾಣ ಭುವನ್ 2009ರಲ್ಲೇ ಬಂದಿದೆ. ಒಂದು ಚುಕ್ಕೆ ನೆಲದ ಮೇಲಿನ ಐದು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಅಗಲವನ್ನು ತೋರಿಸುವ ಒರಟು ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿಯೇ ಹೇಳುತ್ತದೆ.

ಸೆಂಟಿನೆಲ್-2 ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ! ಮೋಡವಿಲ್ಲದಿದ್ದರೆ ಐದು ದಿನಕ್ಕೊಮ್ಮೆ ನಿಮ್ಮ ಕೆರೆಯ ಗುಂಟೆ ಗುಂಟೆಯ ಚಿತ್ರವೂ ಸಿಗುತ್ತದೆ. ಪಕ್ಕದ ಮನೆಯವರ ಅಂಗಳಕ್ಕೆ ಇಣುಕುವಷ್ಟು ಸೂಕ್ಷ್ಮ ಅದಲ್ಲ. ಕೆರೆ ಎಷ್ಟು ಕುಗ್ಗಿದೆ ಎಂದು ನೋಡಲು ಸಾಕು. ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ನಡೆದು ಬಂದಿರುವುದರಿಂದ ಹಿಂದಿನ ದಶಕಗಳ ಚಿತ್ರಗಳನ್ನೂ ಹುಡುಕಬಹುದು.

ಮೇಷ್ಟ್ರೇ, ನಿಮ್ಮಂಥವರು ಬೇಕಾಗುವುದು ಇಲ್ಲಿಯೇ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಹಸಿರೆಲೆ ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ. ಹೀಗಾಗಿ ಆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ನೀರು ಕಪ್ಪು, ಗಿಡಮರ ಹೊಳಪು. ಆದರೆ ಕೆರೆ ತುಂಬ ಅಂತರಗಂಗೆಯೋ ಜೊಂಡೋ ಹಬ್ಬಿದ್ದರೆ ಅದೂ ಹೊಲದಂತೆಯೇ ಕಂಡೀತು. ಕೆಳಗೆ ನೀರಿದೆಯೋ, ಯಾರೋ ಅಂಗಳ ಉತ್ತು ರಾಗಿ ಬಿತ್ತಿದ್ದಾರೋ? ಬೇರೆಲ್ಲೋ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಅದನ್ನು ಹೇಳುವುದು ಕಷ್ಟ. ಏರಿಯ ಮೇಲೆ ದಿನವೂ ಓಡಾಡುವವರಿಗೆ ಗೊತ್ತು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳದೂ ಇದೇ ಪಾಡು. ಮೇಲಿನಿಂದ ಕಾಣುವುದು ನೆರಳಿನ ಮರಗಳ ತಲೆ, ಅದು ಕಾಡೋ ತೋಟವೋ ಎಂದು ಹೇಳಲು ಸ್ಥಳೀಯರೇ ಬೇಕು. ಜನ ಬಳಸದೆ ಹೋದರೆ ಆ ಚಿತ್ರಗಳು ಅರ್ಧ ಓದಿದ ಕಾಗದದಂತೆ ಉಳಿಯುತ್ತವೆ. ನನಗಿರುವ ಕಳವಳ ಅದೇ.

ಒತ್ತುವರಿ ನಿಲ್ಲಿಸಲು ಚಿತ್ರವೊಂದೇ ಸಾಲದು, ನಿಜ. ಗಡಿ ಗೊತ್ತುಮಾಡುವುದು ಸರ್ವೆ ಇಲಾಖೆಯ ನಕ್ಷೆ ಮತ್ತು ಅಳತೆ. ಸರ್ವೆ ನಂಬರು ತಿಳಿಯಲು ಫೋನಿನ ದಿಶಾಂಕ್ ಆ್ಯಪ್ ನೆರವಾಗುತ್ತದೆ. ಆದರೆ ಒಂದೇ ಕೆರೆಯ ಹತ್ತು ವರ್ಷದ ಚಿತ್ರಗಳನ್ನು ತಾರೀಖಿನ ಸಮೇತ ಅರ್ಜಿಗೆ ಲಗತ್ತಿಸಿ, ಗ್ರಾಮಸಭೆಯಲ್ಲೂ ಗೋಡೆಗೆ ಅಂಟಿಸಿದರೆ, "ಇಲ್ಲಿ ಯಾವತ್ತೂ ನೀರು ನಿಂತೇ ಇರಲಿಲ್ಲ" ಎನ್ನುವವರು ಉತ್ತರ ಕೊಡಬೇಕಾಗುತ್ತದೆ.

ಪ್ರತಿ ವರ್ಷ ಡಿಸೆಂಬರಿನದೊಂದು, ಏಪ್ರಿಲಿನದೊಂದು ಚಿತ್ರ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಸೆಂಟಿನೆಲ್-1ರ ರಾಡಾರ್ ಚಿತ್ರ ನೋಡಿ, ಅದಕ್ಕೆ ಮೋಡದ ಹಂಗಿಲ್ಲ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕಂಪ್ಯೂಟರ್ ಬಲ್ಲವರೊಬ್ಬರು ಸಿಕ್ಕರೆ ಈ ಕೆಲಸಕ್ಕೆ ಸಾಕು. ಕೆರೆಯ ಹೆಸರು, ಅದು ಕೋಡಿ ಬಿದ್ದ ವರ್ಷಗಳು, ಪೂರಾ ಒಣಗಿದ ವರ್ಷಗಳು, ಇಷ್ಟನ್ನು ಊರಿನ ಹಿರಿಯರನ್ನು ಕೇಳಿ ಬರೆದು ಕಳಿಸಿ. ಆ ವರ್ಷಗಳ ಚಿತ್ರಗಳನ್ನು ನಾವು ಹುಡುಕಿ, ನಿಮ್ಮ ಟಿಪ್ಪಣಿಯ ಜೊತೆಗೇ ಅಚ್ಚು ಹಾಕುತ್ತೇವೆ.